ಆರು ತಿಂಗಳಿಗೆ ಸಾರಿನ ಪುಡಿ ಎಷ್ಟು ಬೇಕು?

ಮಗಳ ಬಾಣಂತನಕ್ಕೆ ಮೈಸೂರಿನಿಂದ ಡಲ್ಲಾಸ್‌ಗೆ ಹೊರಡೋ ಮುಂಚೆ ಒಂದು ಕೆಲಸ ಮಾಡಿದೆ. ಒಂದು ಡಬ್ಬದಲ್ಲಿ ಕಾಲು ಕೆಜಿ ಸಾರಿನ ಪುಡಿ ಅಳೆದು ತುಂಬಿದೆ. ಮುಚ್ಚಳದ ಮೇಲೆ ತಾರೀಖು ಬರೆದೆ. ನಮ್ಮ ನಾಲ್ಕು ಜನಕ್ಕೆ 28ನೇ ದಿನ ಖಾಲಿಯಾಯಿತು. ಅಲ್ಲೂ ದೊಡ್ಡವರು ನಾಲ್ಕೇ ಜನ. ತಿಂಗಳಿಗೆ ಕಾಲು ಕೆಜಿ ಅಂತ ಹಿಡಿದರೆ 6 ತಿಂಗಳಿಗೆ ಸುಮಾರು ಒಂದೂವರೆ ಕೆಜಿ. ಹುಳಿ ಪುಡಿ, ಚಟ್ನಿ ಪುಡಿ, ಹುರಿಹಿಟ್ಟಿಗೂ ಹೀಗೇ ಲೆಕ್ಕ ಹಾಕಿದೆ.

ಹಿಂದಿನ ಸಲ ಅಕ್ಕಿ, ತೊಗರಿಬೇಳೆ ಹೊತ್ತುಕೊಂಡು ಹೋಗಿದ್ದೆ. ಅಲ್ಲಿ ನೋಡಿದರೆ ಸೋನಾ ಮಸೂರಿ, ಬೇಳೆ, ರಾಗಿ ಹಿಟ್ಟು ಎಲ್ಲಾ ಸಿಗುತ್ತದೆ. ಸಿಗದೇ ಇರೋದು ನಮ್ಮ ಮನೆಯ ಪುಡಿ. ಅದಕ್ಕೇ ಈ ಸಲ ಪೆಟ್ಟಿಗೆಯಲ್ಲಿ ಅದಕ್ಕೇ ಜಾಗ.

ಸಂತೆಪೇಟೆಯಿಂದ ಬ್ಯಾಡಗಿ ಮೆಣಸಿನಕಾಯಿ ತಂದು ಎರಡು ದಿನ ಬಿಸಿಲಿಗೆ ಹಾಕಿದೆ. ಮುರಿದರೆ ಟಪ್ ಅನ್ನಬೇಕು, ಇಲ್ಲದಿದ್ದರೆ ಪುಡಿ ಮುಗ್ಗುತ್ತದೆ. ಧನಿಯ, ಜೀರಿಗೆ, ಮೆಣಸು, ಮೆಂತ್ಯ, ಸಾಸಿವೆ ಒಂದೊಂದನ್ನೂ ಬೇರೆ ಬೇರೆ ಹುರಿದೆ. ಮೆಂತ್ಯ ಸ್ವಲ್ಪ ಜಾಸ್ತಿ ಕೆಂಪಾದರೂ 6 ತಿಂಗಳು ಕಹಿ ಸಾರೇ ಗತಿ. ಮಿಲ್‌ನಿಂದ ಬಂದ ಪುಡಿ ಕೈ ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ಹಾಗೇ ಕಟ್ಟಬಾರದು. ಹಳೇ ಪಂಚೆ ಮೇಲೆ ಹರಡಿ, ರಾತ್ರಿಯಿಡೀ ಆರಲು ಬಿಟ್ಟೆ. ಬೆಳಿಗ್ಗೆ ಮನೆ ತುಂಬಾ ಘಮ. ಆಮೇಲೆ ಅರ್ಧರ್ಧ ಕೆಜಿಯಂತೆ ದಪ್ಪ ಕವರಿಗೆ ತುಂಬಿ, ಗಾಳಿ ಒತ್ತಿ ತೆಗೆದು, ಅಂಗಡಿಯಲ್ಲಿ ಸೀಲ್ ಮಾಡಿಸಿದೆ. ಅದರ ಮೇಲೆ ಇನ್ನೊಂದು ಕವರ್. ಪ್ರತಿಯೊಂದರ ಮೇಲೂ ಏನಿದೆ ಅಂತ ಇಂಗ್ಲಿಷಿನಲ್ಲಿ ಬರೆದೆ.

ಬಾಣಂತಿಗೆ ಅಂಟಿನುಂಡೆ ಬೇಕೇ ಬೇಕು, ಅಲ್ವಾ? ಆದರೆ ಇಡೀ ಕೊಬ್ಬರಿ ವಿಮಾನದಲ್ಲಿ ಒಯ್ಯುವಂತಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ಬಿಸಿಗೆ ಬೆಂಕಿ ಹತ್ತುವ ಭಯ. ಗಸಗಸೆಯನ್ನೂ ಬಿಟ್ಟೆ. ನಮ್ಮ ವಿಮಾನ ದುಬೈ ಮೂಲಕ ಹೋಗುತ್ತಿತ್ತು, ಅಲ್ಲಿ ಗಸಗಸೆಗೆ ನಿಷೇಧ ಇದೆ. ಅಂಟು, ಉತ್ತುತ್ತೆ ಮಾತ್ರ ಒಯ್ದೆ. ಕೊಬ್ಬರಿ ತುರಿ ಅಲ್ಲೇ ಕೊಂಡು ಉಂಡೆ ಕಟ್ಟಿದೆ. ಹಿಂದಿನ ಸಲ ಹಸಿ ಕರಿಬೇವು ಒಯ್ದು, ಅಲ್ಲಿ ಇಳಿದ ಮೇಲೆ ಕಸ್ಟಮ್ಸ್‌ನವರಿಗೆ ಕೊಟ್ಟುಬಿಡಬೇಕಾಯಿತು. ನಿಂಬೆ, ಕಿತ್ತಳೆ ಗಿಡಗಳ ರೋಗ ಹರಡೋ ಹುಳ ಅದರಲ್ಲಿ ಬರಬಹುದು ಅಂತ ಬಿಡುವುದಿಲ್ಲ. ತಿನ್ನೋ ಪದಾರ್ಥ ಇದ್ದರೆ ಇದೆ ಅಂತ ಮೊದಲೇ ಹೇಳಿಬಿಡಿ. ಮುಚ್ಚಿಟ್ಟರೆ ದಂಡ ಬೀಳುತ್ತದೆ.

ನಮ್ಮ ಟಿಕೆಟ್ಟಿಗೆ 23 ಕೆಜಿಯ ಎರಡು ಪೆಟ್ಟಿಗೆ. ಪ್ರತಿ ಪುಡಿಯನ್ನೂ ಎರಡರಲ್ಲೂ ಹಂಚಿಟ್ಟೆ. ಒಂದು ಪೆಟ್ಟಿಗೆ ತಡವಾದರೂ ಮಾರನೇ ದಿನದ ಸಾರಿಗೆ ತೊಂದರೆ ಇಲ್ಲ.

ಅಲ್ಲಿ ಒಂದು ಪೊಟ್ಟಣ ಮಾತ್ರ ಒಡೆದು, ಉಳಿದದ್ದನ್ನು ಫ್ರೀಜರಿನಲ್ಲಿಟ್ಟೆ. ಐದನೇ ತಿಂಗಳಲ್ಲೂ ಘಮ ಹಾಗೇ ಇತ್ತು. ಆದರೆ ಲೆಕ್ಕದಲ್ಲಿ ಒಂದು ತಪ್ಪಿತ್ತು. ಮಗು ನೋಡಲು ಬಂದವರೆಲ್ಲಾ ಊಟ ಮಾಡಿಕೊಂಡೇ ಹೋದರು. ಹೊರಡುವಾಗ ಸ್ವಲ್ಪ ಪುಡಿಯನ್ನೂ ಕೇಳಿದರು, ಖುಷಿಯಿಂದ ಕೊಟ್ಟೆ. ಕೊನೆ ಮೂರು ವಾರಕ್ಕೆ ಪುಡಿ ಇರಲಿಲ್ಲ. ಮುಂದಿನ ಸಲಕ್ಕೆ ಎರಡು ಕೆಜಿ ಅಂತ ಡಬ್ಬದ ಮುಚ್ಚಳದ ಮೇಲೆ ಬರೆದಿಟ್ಟಿದ್ದೇನೆ.