ಮನೆಯಲ್ಲೇ ರೆಕಾರ್ಡಿಂಗ್: ಮೈಕ್ ಕೊಳ್ಳುವ ಮುಂಚೆ ಕೋಣೆಯನ್ನು ಕೇಳಿಸಿಕೊಳ್ಳಿ

ಮುಂಬಯಿಯ ಕನ್ನಡ ಮನೆಗಳಲ್ಲಿ ಈಗ ರೆಕಾರ್ಡಿಂಗ್ ಹುಚ್ಚು ಜೋರಾಗಿದೆ. ಒಬ್ಬರು ಭಾವಗೀತೆ ಹಾಡಿ ಯೂಟ್ಯೂಬಿಗೆ ಹಾಕುತ್ತಾರೆ. ಇನ್ನೊಬ್ಬರಿಗೆ ತಾಳಮದ್ದಳೆಯ ಅರ್ಥ ಹೇಳುವ ಚಪಲ. ಮತ್ತೊಬ್ಬರು ಊರಲ್ಲಿರುವ ಮೊಮ್ಮಕ್ಕಳಿಗೆ ಕಥೆ ಓದಿ ಕಳಿಸುತ್ತಾರೆ. ಎಲ್ಲರೂ ಕೇಳುವುದು ಒಂದೇ ಮಾತು: ‘ಕಡಿಮೆ ದುಡ್ಡಲ್ಲಿ ಯಾವ ಮೈಕ್ ತಗೊಳ್ಳೋದು?’ ಅದಕ್ಕೆ ಉತ್ತರ ಕೊಡುವ ಮುಂಚೆ ನಿಮ್ಮ ಮನೆ ರೈಲು ಹಳಿಯಿಂದ ಎಷ್ಟು ದೂರ ಎಂದು ಕೇಳಬೇಕಾಗುತ್ತದೆ.

ಮೊದಲ ಹೆಜ್ಜೆಗೆ ಖರ್ಚಿಲ್ಲ

ರೆಕಾರ್ಡ್ ಮಾಡಬೇಕೆಂದಿರುವ ಕೋಣೆಯಲ್ಲಿ ಮೊಬೈಲ್ ಇಟ್ಟು, ರೆಕಾರ್ಡರ್ ಒತ್ತಿ, ಎರಡು ನಿಮಿಷ ಸುಮ್ನೆ ಕೂತುಕೊಳ್ಳಿ. ಫ್ಯಾನ್ ಹಾಕಿ ಒಮ್ಮೆ, ಆರಿಸಿ ಒಮ್ಮೆ. ಕಿಟಕಿ ತೆರೆದು ಒಮ್ಮೆ, ಮುಚ್ಚಿ ಒಮ್ಮೆ. ಆಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳಿ. ದಿನಾ ಕೇಳಿ ಕೇಳಿ ಕಿವಿ ಬಿಟ್ಟುಬಿಟ್ಟ ಸದ್ದುಗಳೆಲ್ಲ ಅಲ್ಲಿರುತ್ತವೆ: ಫ್ರಿಜ್ಜಿನ ಗುಂಯ್, ಲೋಕಲ್‌ನ ಹಾರ್ನ್, ಮೇಲಿನ ಮನೆಯ ಕುಕ್ಕರ್ ಕೂಗು, ಪಕ್ಕದ ಫ್ಲ್ಯಾಟಿನ ಡ್ರಿಲ್ಲು.

ಈಗ ಕೋಣೆಯ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ಹೊಡೆಯಿರಿ. ಹಿಂದೆಯೇ ‘ಟಣ್’ ಎಂದು ಬಾಲ ಎಳೆದರೆ ಗೋಡೆಗಳು ಸದ್ದನ್ನು ವಾಪಸ್ ಕಳಿಸುತ್ತಿವೆ ಎಂದರ್ಥ. ಟೈಲ್ಸ್ ಹಾಕಿದ, ಸಾಮಾನು ಕಡಿಮೆ ಇರುವ ಹಾಲ್‌ನಲ್ಲಿ ಇದು ಜಾಸ್ತಿ. ಗಾದಿ, ಪರದೆ, ಬಟ್ಟೆ ತುಂಬಿದ ಕಪಾಟು ಇರುವ ಮಲಗುವ ಕೋಣೆ ಯಾವತ್ತೂ ಮೇಲು.

ಹೊರಗಿನ ಸದ್ದು ಬೇರೆ, ಗೋಡೆಗೆ ಬಡಿದು ಬರುವ ನಿಮ್ಮದೇ ದನಿ ಬೇರೆ. ಇವೆರಡನ್ನೂ ಒಂದೇ ಅಂದುಕೊಂಡು ಜನ ದುಡ್ಡು ಕಳೆದುಕೊಳ್ಳುತ್ತಾರೆ. ಆನ್‌ಲೈನ್‌ನಲ್ಲಿ ಸಿಗುವ ಉಬ್ಬುತಗ್ಗಿನ ಫೋಮ್ ಹಾಳೆ ತಗ್ಗಿಸುವುದು ಎರಡನೆಯದನ್ನು ಮಾತ್ರ, ಅದೂ ಮೇಲಿನ ಸ್ವರಗಳ ಪ್ರತಿಧ್ವನಿಯನ್ನಷ್ಟೇ. ಲೋಕಲ್ ರೈಲನ್ನು ಅದು ತಡೆಯುವುದಿಲ್ಲ. ಹೊರಗಿನ ಸದ್ದು ನಿಲ್ಲಬೇಕಾದರೆ ದಪ್ಪ ಗೋಡೆ, ಸಂದಿಯಿಲ್ಲದ ಬಾಗಿಲು ಕಿಟಕಿ ಬೇಕು. ಬಾಡಿಗೆ ಮನೆಯಲ್ಲಿ ಅದೆಲ್ಲ ಆಗುವ ಮಾತಲ್ಲ. ಹಾಗಾಗಿ ಹೊರಗಿನ ಸದ್ದಿಗೆ ಎರಡೇ ಮದ್ದು: ಹೊತ್ತು ನೋಡಿ ರೆಕಾರ್ಡ್ ಮಾಡುವುದು, ಸರಿಯಾದ ಮೈಕ್ ಆರಿಸುವುದು.

ಪ್ರತಿಧ್ವನಿಗೆ ಮನೆಯ ಕೌದಿ, ರಜಾಯಿ ಸಾಕು. ಅದನ್ನು ಎಲ್ಲಿ ನೇತುಹಾಕುತ್ತೀರಿ ಎಂಬುದು ಮುಖ್ಯ. ಬಹಳ ಜನ ಮೈಕಿನ ಹಿಂದಿನ ಗೋಡೆಗೆ ಹಾಕುತ್ತಾರೆ. ಸಾಮಾನ್ಯ ಮೈಕ್ ಕೇಳುವುದು ತನ್ನ ಮುಂದಿನದನ್ನು. ಮುಂದಿರುವವರು ನೀವು, ನಿಮ್ಮ ಹಿಂದಿರುವುದು ಗೋಡೆ. ರಜಾಯಿ ಬೇಕಾದದ್ದು ನಿಮ್ಮ ಬೆನ್ನ ಹಿಂದೆ.

ಎಂಥ ಮೈಕ್?

ಮೈಕ್‌ಗಳಲ್ಲಿ ಎರಡು ದೊಡ್ಡ ಜಾತಿ. ಡೈನಾಮಿಕ್ ಮೈಕಿನೊಳಗೆ ತಂತಿಯ ಸುರುಳಿಯೊಂದು ಅಯಸ್ಕಾಂತದ ನಡುವೆ ಅಲುಗಾಡಿ ವಿದ್ಯುತ್ ಹುಟ್ಟಿಸುತ್ತದೆ. ಗಟ್ಟಿ ಜೀವ, ಹೊರಗಿನ ಕರೆಂಟ್ ಬೇಡ. ಕಂಡೆನ್ಸರ್ ಮೈಕಿನೊಳಗಿನ ಪೊರೆ ತೀರಾ ತೆಳು. ಸಣ್ಣ ಉಸಿರನ್ನೂ ಹಿಡಿಯುತ್ತದೆ. ಸ್ಟುಡಿಯೊ ಮಾದರಿಯವು ನಡೆಯಲು 48 ವೋಲ್ಟ್ ಬೇಕು. ಇದಕ್ಕೆ ಫ್ಯಾಂಟಮ್ ಪವರ್ ಎನ್ನುತ್ತಾರೆ.

ಪುಸ್ತಕದ ಪ್ರಕಾರ ಹಾಡಿಗೆ ಕಂಡೆನ್ಸರ್ ಚೆನ್ನ. ಆದರೆ ಅದು ಸದ್ದಿಲ್ಲದ ಕೋಣೆಯ ಮಾತು. ಮಲಾಡ್‌ನಲ್ಲೋ ಡೊಂಬಿವಲಿಯಲ್ಲೋ ವನ್ ಬಿಎಚ್‌ಕೆಯಲ್ಲಿ ಇರುವವರಿಗೆ ನಾನು ಹೇಳುವುದು ಡೈನಾಮಿಕ್ಕೇ. ಅದಕ್ಕೆ ಹೊರಗಿನ ಸದ್ದು ಕೇಳಿಸುವುದಿಲ್ಲ ಎಂದಲ್ಲ. ಬಾಯಿಗೆ ಹತ್ತಿರ ಹಿಡಿದು ಬಳಸುವುದಕ್ಕೆಂದೇ ಅದನ್ನು ಮಾಡಿರುತ್ತಾರೆ, ಕೆಲಸ ಮಾಡುವುದು ಆ ಹತ್ತಿರ. ಬಾಯಿಗೂ ಮೈಕಿಗೂ ನಡುವಿನ ದೂರ ಅರ್ಧವಾದರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ರೈಲಿನ ಸದ್ದು ಇದ್ದಷ್ಟೇ ಇರುತ್ತದೆ. 30 ಸೆಂಟಿಮೀಟರ್ ದೂರದಿಂದ ಏಳೆಂಟು ಸೆಂಟಿಮೀಟರಿಗೆ ಬಂದರೆ ಲಾಭ ಸುಮಾರು 12 ಡೆಸಿಬೆಲ್. ಯಾವ ಫೋಮೂ ಇಷ್ಟು ಕೊಡುವುದಿಲ್ಲ.

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ, ಸಂಘಗಳ ಕಾರ್ಯಕ್ರಮಗಳಲ್ಲಿ ಹಾಡುವವರ ಕೈಗೆ ಕೊಡುವುದು ಬಹುತೇಕ ಈ ಡೈನಾಮಿಕ್ ಜಾತಿಯನ್ನೇ. ಶೂರ್ ಕಂಪನಿಯ ಎಸ್‌ಎಂ58 ಬಂದದ್ದು 1966ರಲ್ಲಿ, ಇವತ್ತಿಗೂ ಮಾರುಕಟ್ಟೆಯಲ್ಲಿದೆ. ಅದರ ನಕಲಿಗಳೂ ಬೇಕಾದಷ್ಟಿವೆ. ಅರ್ಧ ಬೆಲೆಗೆ ಹೊಸದು ಕೊಡುತ್ತೇವೆ ಎಂದರೆ ಅನುಮಾನಪಡಿ, ಬಿಲ್ ಕೇಳಿ. ಅದು ದುಬಾರಿ ಎನಿಸಿದರೆ ಬೆಹ್ರಿಂಗರ್ ಎಕ್ಸ್‌ಎಂ8500 ನೋಡಿ. ಬೆಲೆ ಬಹಳ ಕಡಿಮೆ, ಕೆಲಸ ಪರವಾಗಿಲ್ಲ.

ಪಾಡ್‌ಕಾಸ್ಟ್ ವಿಡಿಯೊಗಳಲ್ಲಿ ಎಲ್ಲರ ಮುಂದೆಯೂ ಕಾಣುವ ಕರಿ ಮೈಕ್ ಶೂರ್ ಎಸ್‌ಎಂ7ಬಿ. ಅದರ ಆಸೆ ಬಿಡಿ. ಬೆಲೆ ಹಾಗಿರಲಿ, ಅದಕ್ಕೆ 60 ಡೆಸಿಬೆಲ್‌ನಷ್ಟು ಗೇನ್, ಅಂದರೆ ಮೈಕಿನ ಸಣ್ಣ ದನಿಯನ್ನು ಹಿಗ್ಗಿಸುವ ಶಕ್ತಿ, ಬೇಕು. ಅಗ್ಗದ ಇಂಟರ್‌ಫೇಸಿನಿಂದ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ಅಷ್ಟು ಎಳೆದರೆ ದನಿಯ ಜೊತೆ ‘ಸ್ಸ್’ ಎಂಬ ಸದ್ದೂ ಬರುತ್ತದೆ.

ಯುಎಸ್‌ಬಿಯೋ, ಎಕ್ಸ್‌ಎಲ್‌ಆರೋ?

ಒಬ್ಬರೇ ಕೂತು ಮಾತಾಡುವುದಾದರೆ, ಕಥೆ ಓದುವುದಾದರೆ ಯುಎಸ್‌ಬಿ ಮೈಕ್ ಸಾಕು. ನೇರ ಲ್ಯಾಪ್‌ಟಾಪಿಗೆ ಚುಚ್ಚಿದರೆ ಆಯಿತು. ಮುಂದೆ ಹಾರ್ಮೋನಿಯಂ, ಮದ್ದಳೆ ಸೇರಿಸುವ ಯೋಚನೆ ಇದ್ದರೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಮೈಕ್ ಮತ್ತು ಒಂದು ಆಡಿಯೊ ಇಂಟರ್‌ಫೇಸ್ ಬೇಕು. ಈಗಲೇ ನಿರ್ಧಾರ ಆಗದಿದ್ದರೆ ಎರಡೂ ಕನೆಕ್ಷನ್ ಇರುವ ಡೈನಾಮಿಕ್ ಮೈಕ್‌ಗಳಿವೆ: ಸ್ಯಾಮ್ಸನ್ ಕ್ಯೂ2ಯು, ಆಡಿಯೊ-ಟೆಕ್ನಿಕಾ ಎಟಿಆರ್2100ಎಕ್ಸ್. ಮೊದಲ ಸಲ ಕೊಳ್ಳುವವರಿಗೆ ನನ್ನ ಓಟು ಇವಕ್ಕೇ.

ಇಂಟರ್‌ಫೇಸ್ ಕೊಳ್ಳುವಾಗ ತೂತು ಎಣಿಸಿ ಮೋಸಹೋಗಬೇಡಿ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ, ಬೆಹ್ರಿಂಗರ್ ಯುಎಂ2 ಇವುಗಳಲ್ಲಿ ಎರಡು ಇನ್‌ಪುಟ್ ಇದ್ದರೂ ಒಂದು ಮಾತ್ರ ಮೈಕಿಗೆ. ಇನ್ನೊಂದು ಗಿಟಾರ್‌ನಂಥ ವಾದ್ಯದ ವೈರಿಗೆ. ಹಾಡಿಗೊಂದು, ಹಾರ್ಮೋನಿಯಂಗೊಂದು ಮೈಕ್ ಇಡಬೇಕಾದರೆ ಸ್ಕಾರ್ಲೆಟ್ 2ಐ2 ಅಥವಾ ಬೆಹ್ರಿಂಗರ್ ಯುಎಂಸಿ202ಎಚ್‌ಡಿಯಂಥದ್ದು ಬೇಕು.

ಡಬ್ಬದ ಮೇಲೆ 192 ಕಿಲೋಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಾವಿರ ಸಲ ದನಿಯನ್ನು ಅಳೆಯುತ್ತದೆ ಎಂಬ ಲೆಕ್ಕ) ಎಂದು ಬರೆದಿದ್ದರೆ ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ. 48 ಕಿಲೋಹರ್ಟ್ಸ್, ಪ್ರತಿ ಅಳತೆಗೆ 24 ಬಿಟ್ ಧಾರಾಳ ಸಾಕು. ಆ ಲೆಕ್ಕದಲ್ಲಿ ಒಂದು ಮೈಕಿನ ಒಂದು ಗಂಟೆಯ ರೆಕಾರ್ಡಿಂಗ್ ಸುಮಾರು 520 ಎಂಬಿ ಆಗುತ್ತದೆ.

ಹೆಡ್‌ಫೋನ್ ಕಿವಿಯನ್ನು ಪೂರ್ತಿ ಮುಚ್ಚುವಂಥದ್ದಾಗಿರಲಿ. ಇಲ್ಲದಿದ್ದರೆ ಹಾಡುವಾಗ ಕಿವಿಯಲ್ಲಿ ಕೇಳುವ ತಾಳದ ಸದ್ದು ಹೊರಗೆ ಸೋರಿ ಮೈಕಿಗೆ ಸೇರುತ್ತದೆ. ಬ್ಲೂಟೂತ್ ಬೇಡ, ದನಿ ತಡವಾಗಿ ಬಂದು ಹಾಡುವವರು ತಾಳ ತಪ್ಪುತ್ತಾರೆ. ಸ್ಟುಡಿಯೊ ಸ್ಪೀಕರ್‌ನ ಯೋಚನೆ ಈಗಲೇ ಬೇಡ. ಅದು ಬಂದರೆ ಸೊಸೈಟಿಯ ಸೆಕ್ರೆಟರಿಯೂ ಬರುತ್ತಾರೆ.

ಕೈಯಲ್ಲಿ 15,000 ರೂಪಾಯಿ ಇದೆ ಎಂದುಕೊಳ್ಳಿ. ಮೈಕ್ ಮತ್ತು ಇಂಟರ್‌ಫೇಸಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಹೆಡ್‌ಫೋನಿಗೆ ಕಾಲು ಭಾಗ ಇಡಿ. ಉಳಿದದ್ದು ಸ್ಟ್ಯಾಂಡ್, ಕೇಬಲ್, ಪಾಪ್ ಫಿಲ್ಟರಿಗೆ (ಬಾಯಿಯ ಗಾಳಿ ಮೈಕಿಗೆ ಬಡಿಯದಂತೆ ಮುಂದಿಡುವ ತೆಳು ಜಾಲರಿ). ಸ್ಟ್ಯಾಂಡಿನಲ್ಲಿ ಜುಗ್ಗತನ ಮಾಡಬೇಡಿ. ಮೇಜಿನ ಮೇಲಿಡುವ ಪುಟ್ಟ ಸ್ಟ್ಯಾಂಡ್ ಆದರೆ ಪುಟ ತಿರುಗಿಸಿದ್ದು, ಮೊಣಕೈ ತಗುಲಿದ್ದು ಎಲ್ಲ ದಢ್ ದಢ್ ಎಂದು ಮೈಕಿಗೆ ಹತ್ತುತ್ತದೆ. ಸಾಫ್ಟ್‌ವೇರಿಗೆ ದುಡ್ಡು ಬೇಕಿಲ್ಲ, ಆಡಾಸಿಟಿ ಪುಕ್ಕಟೆ.

ಅಂಗಡಿಯಲ್ಲಿ

ಕೇಬಲ್, ಪಿನ್, ಕನೆಕ್ಟರ್‌ಗಳಿಗೆ ಲ್ಯಾಮಿಂಗ್ಟನ್ ರೋಡ್. ಗ್ರ್ಯಾಂಟ್ ರೋಡ್ ಸ್ಟೇಶನ್ನಿನ ಪೂರ್ವಕ್ಕೆ ಇಳಿದು ನಡೆದರೆ ಆಯಿತು. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಮೈಕನ್ನು ಕೈಯಲ್ಲಿ ಹಿಡಿದು ನೋಡಬೇಕೆಂದರೆ ಸಂಗೀತದ ಅಂಗಡಿಗಳೇ ವಾಸಿ. ಧೋಬಿ ತಲಾವ್‌ನ ಫುರ್ಟಾಡೋಸ್ 1865ರಿಂದಲೂ ಇರುವ ಹೆಸರು.

ನಿಮ್ಮ ಲ್ಯಾಪ್‌ಟಾಪ್, ಹೆಡ್‌ಫೋನ್ ಜೊತೆಗೇ ಒಯ್ಯಿರಿ. ಗೇನ್ ಪೂರ್ತಿ ಏರಿಸಿ, ಏನೂ ಮಾತಾಡದೆ, ಎಷ್ಟು ‘ಸ್ಸ್’ ಬರುತ್ತದೆ ಕೇಳಿ. ಕೇಬಲ್ಲಿನ ಬುಡ ಮೆಲ್ಲಗೆ ಅಲ್ಲಾಡಿಸಿ, ಚಟಪಟ ಎನ್ನಬಾರದು. ಆಮೇಲೆ ಮಾತಾಡಿ. ‘ಹಲೋ ಹಲೋ, ಚೆಕ್ ಚೆಕ್’ ಎಂದರೆ ಏನೂ ಗೊತ್ತಾಗುವುದಿಲ್ಲ. ‘ಪಕ್ಕದ ಮನೆ ಭಟ್ಟರು ಫಲಾಹಾರಕ್ಕೆ ಬಂದರಂತೆ, ಶಶಿ ಸಂಜೆ ಸಂತೆಗೆ ಹೋದಳಂತೆ’ ಅನ್ನಿ. ಪ, ಫ, ಭಗಳಲ್ಲಿ ಗಾಳಿ ಧಪ್ಪೆಂದು ಬಡಿಯುತ್ತದೆಯೇ, ಶ, ಸಗಳು ಕಿವಿಗೆ ಚುಚ್ಚುತ್ತವೆಯೇ ಎಂದು ಆಗಲೇ ತಿಳಿಯುತ್ತದೆ. ಅಂಗಡಿಯವರು ನೋಡಿ ನಗಲಿ ಬಿಡಿ. ಗಾಳಿ ಬಡಿದರೆ ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಓರೆಗೆ ಇಟ್ಟು ಮತ್ತೊಮ್ಮೆ ಹೇಳಿ ನೋಡಿ. ಬಹಳಷ್ಟು ಅಲ್ಲೇ ಸರಿಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ? ಡೈನಾಮಿಕ್ ಆದರೆ ಧೈರ್ಯವಾಗಿ ಕೊಳ್ಳಿ. ಕಂಡೆನ್ಸರ್ ಬೇಡ. ಅದು ಈ ಊರಿನ ಎಷ್ಟು ಮಳೆಗಾಲ ಕಂಡಿದೆಯೋ ಯಾರಿಗೆ ಗೊತ್ತು.

ಮನೆಗೆ ತಂದ ಮೇಲೆ

ಹಾಡಿನ ಅತಿ ಜೋರಿನ ಸಾಲು ಹಾಡಿ, ಮೀಟರ್ -12 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಗೇನ್ ಇಡಿ. ಸೊನ್ನೆಯೇ ಮೀಟರಿನ ಮೇಲಿನ ಮಿತಿ, ಅದನ್ನು ಮುಟ್ಟಿದರೆ ದನಿ ಒಡೆಯುತ್ತದೆ, ಆಮೇಲೆ ರಿಪೇರಿ ಕಷ್ಟ. ಸಣ್ಣಗೆ ‘ಹ್ಮ್’ ಎಂದು ಗುನುಗುತ್ತಿದ್ದರೆ ಅದು ನಮ್ಮ 50 ಹರ್ಟ್ಸ್ ಕರೆಂಟಿನ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ನಿಂತರೆ ತೊಂದರೆ ಚಾರ್ಜರಿನದ್ದು ಅಥವಾ ಮನೆಯ ಅರ್ಥಿಂಗಿನದ್ದು, ಮೈಕಿನದ್ದಲ್ಲ.

ಕಂಡೆನ್ಸರ್ ಇದ್ದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಸ್ಟ್ಯಾಂಡಿನಲ್ಲೇ ಬಿಡಬಾರದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ತೇವ ಕೂತರೆ ಚರಚರ ಸದ್ದು ಶುರುವಾಗುತ್ತದೆ. ಡೈನಾಮಿಕ್‌ಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲ. ಜಾಲರಿ ಬಿಚ್ಚಲು ಬರುವ ಮಾದರಿಯಾದರೆ ಆಗಾಗ ಅದನ್ನು ತಿರುಚಿ ತೆಗೆದು, ಒಳಗಿನ ಸ್ಪಂಜನ್ನು ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಮೂರು ಜನ ಹಾಡುವ ಮನೆಯಾದರೆ ಇನ್ನೂ ಬೇಗ ಬೇಗ.