ವಿಂಡೋಸ್ 11 ಹಾಕುವ ಮುಂಚೆ ಇಷ್ಟು ನೋಡಿಕೊಳ್ಳಿ

ವಿಂಡೋಸ್ 10ರ ಮಾಮೂಲಿ ಬೆಂಬಲ, ಅಂದರೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಭದ್ರತಾ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತೆ, ಕೆಲಸವೂ ಮಾಡುತ್ತೆ. ಆದರೆ ಅದರಲ್ಲೇ ಬ್ಯಾಂಕ್ ವ್ಯವಹಾರ ಮಾಡುವವರು ದಯವಿಟ್ಟು ಹಾಗೇ ಬಿಡಬೇಡಿ.

ಮೊದಲು ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಆಪ್ ಹಾಕಿ ನೋಡಿ. ನಿಮ್ಮ ಮೆಷಿನ್‌ಗೆ ವಿಂಡೋಸ್ 11 ಒಗ್ಗುತ್ತಾ ಇಲ್ವಾ ಅಂತ ಅದೇ ಹೇಳುತ್ತೆ. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು, ಜೊತೆಗೆ ಟಿಪಿಎಂ 2.0 (ಕಂಪ್ಯೂಟರ್ ಒಳಗಿನ ಭದ್ರತಾ ವ್ಯವಸ್ಥೆ). ಕೆಲವು ಸಲ ಟಿಪಿಎಂ ಇದ್ದೂ ಕಂಪ್ಯೂಟರಿನ ಮೂಲ ಸೆಟ್ಟಿಂಗ್ಸ್ ಆದ ಬಯೋಸ್‌ನಲ್ಲಿ ಆಫ್ ಆಗಿರುತ್ತೆ. ಅದನ್ನು ನೋಡದೆ ಹೊಸ ಮೆಷಿನ್ ತಗೊಳ್ಳೋಕೆ ಹೊರಡಬೇಡಿ. 4 ಜಿಬಿ ರ‍್ಯಾಮ್ ಸಾಕು ಅಂತಾರೆ, ನನ್ನ ಪ್ರಕಾರ 8 ಇಲ್ಲದಿದ್ದರೆ ಒದ್ದಾಟವೇ. ಹಳೇ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ.

ಡಿಟಿಪಿ ಮಾಡುವವರೇ, ನಿಮಗೊಂದು ಮಾತು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಮಾಡಿದ ಹಳೇ ಫೈಲ್‌ಗಳು ಆಯಾ ಫಾಂಟ್ ಇಲ್ಲದಿದ್ದರೆ ಬರೀ ಗೀಚಿದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಫೈಲ್‌ಗಳ ಜೊತೆ ಆ ಫಾಂಟ್‌ಗಳನ್ನೂ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಪ್ರಿಂಟರ್, ಸ್ಕ್ಯಾನರ್‌ಗೆ ಹೊಸ ಡ್ರೈವರ್ (ಅವನ್ನು ನಡೆಸುವ ಸಾಫ್ಟ್‌ವೇರ್) ಸಿಗುತ್ತಾ ಅಂತಲೂ ಮೊದಲೇ ಹುಡುಕಿ.

ಹಾಕಿದ ಮೇಲೆ ಹಿಡಿಸಲಿಲ್ವಾ? ಸಾಮಾನ್ಯವಾಗಿ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಿಂದ ವಾಪಸ್ ಹೋಗಬಹುದು. ಹಾಗಾಗಿ ಆ 10 ದಿನದಲ್ಲೇ ನಿಮ್ಮ ಎಲ್ಲ ಸಾಫ್ಟ್‌ವೇರ್ ಒಮ್ಮೆ ತೆರೆದು, ಒಂದು ಪ್ರಿಂಟ್ ತೆಗೆದು ನೋಡಿಬಿಡಿ.