ಮಹಾಪ್ರಬಂಧದ ಕರಡನ್ನು ಯಾರ ಕೈಗೆ ಕೊಡಬೇಕು?

ಪಿಎಚ್‌.ಡಿ. ಮಹಾಪ್ರಬಂಧ ಸಲ್ಲಿಸುವ ದಿನ ಹತ್ತಿರವಾದಂತೆ ಸಂಶೋಧನಾರ್ಥಿಗಳು ಕರಡು ತಿದ್ದಿಕೊಡುವವರನ್ನು ಹುಡುಕತೊಡಗುತ್ತಾರೆ. ಈ ಅವಸರವನ್ನು ಬಲ್ಲ ವಂಚಕರೂ ಅದೇ ಹೊತ್ತಿಗೆ ಅವರನ್ನು ಹುಡುಕುತ್ತಿರುತ್ತಾರೆ. ಭಾಷೆ ತಿದ್ದಿಸುವುದು, ಅಡಿಟಿಪ್ಪಣಿಗಳನ್ನು ಒಂದೇ ಕ್ರಮಕ್ಕೆ ತರಿಸುವುದು, ಡಿಟಿಪಿ ಮಾಡಿಸುವುದು ಇವೆಲ್ಲ ಹಣ ಕೊಟ್ಟು ಪಡೆಯಬಹುದಾದ ನೆರವು. ಅಧ್ಯಾಯವನ್ನೇ ಬರೆಸಿಕೊಳ್ಳುವುದು ಈ ಸಾಲಿಗೆ ಸೇರುವುದಿಲ್ಲ. ಮೌಖಿಕ ಪರೀಕ್ಷೆಯ ಭಯ ಹಾಗಿರಲಿ, ಬರೆದುಕೊಟ್ಟವನು ಅರ್ಧ ಕೆಲಸಕ್ಕೆ ನಿಲ್ಲಿಸಿ ಮತ್ತಷ್ಟು ಹಣ ಕೇಳಿದರೆ ದೂರು ಕೊಡುವ ಧೈರ್ಯ ಬರೆಸಿಕೊಂಡವರಿಗೆ ಇರುವುದಿಲ್ಲ. ವಂಚಕನಿಗೆ ಬೇಕಾದುದೂ ಬಾಯಿ ಬಿಡಲಾಗದ ಆ ಸ್ಥಿತಿಯೇ.

ಒಳ್ಳೆಯ ತಿದ್ದುಗರನ್ನು ಹುಡುಕಲು ಜಾಹೀರಾತಿಗಿಂತ ಉತ್ತಮವಾದ ಜಾಗವೊಂದಿದೆ. ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲದ ಕೇಂದ್ರ ನಡೆಸುವ, ಮಹಾಪ್ರಬಂಧಗಳ ಸಂಗ್ರಹವಾದ ಶೋಧಗಂಗಾ ಜಾಲತಾಣದಲ್ಲಿ ನಿಮ್ಮ ವಿಷಯಕ್ಕೆ ಹತ್ತಿರವಾದ ಮಹಾಪ್ರಬಂಧಗಳನ್ನು ತೆರೆದು, ಆರಂಭದ ಕೃತಜ್ಞತೆಯ ಪುಟವನ್ನು ಓದಿ. ಬೆರಳಚ್ಚು ಮಾಡಿದವರನ್ನೂ ಕರಡು ನೋಡಿದವರನ್ನೂ ಅಲ್ಲಿ ಹೆಸರಿಸಿ ನೆನೆಯುವ ರೂಢಿ ನಮ್ಮಲ್ಲಿದೆ. ಅವರ ಕೆಲಸದ ಗುಣಮಟ್ಟ ಅದೇ ಪ್ರಬಂಧದ ಒಳಪುಟಗಳಲ್ಲಿ ಕಾಣುತ್ತದೆ. ನಿಮ್ಮ ಮಾರ್ಗದರ್ಶಕರನ್ನೂ ಕೇಳಿ. ಅವರಿಂದ ಮುಚ್ಚಿಡಬೇಕಾದಂತಹ ನೆರವಾದರೆ ಅದನ್ನು ಪಡೆಯದಿರುವುದೇ ಲೇಸು.

ಒಬ್ಬರನ್ನು ಗೊತ್ತುಮಾಡಿಕೊಂಡ ಮೇಲೆ ಎರಡು ಪುಟಗಳನ್ನು ಕೊಟ್ಟು, ಅದಕ್ಕೆ ತಕ್ಕ ಹಣವನ್ನೂ ಕೊಟ್ಟು ತಿದ್ದಿಸಿ ನೋಡಬೇಕು. ಆ ಪುಟಗಳಲ್ಲಿ ನೀವೇ ಬೇಕೆಂದು ಒಂದು ಇಸವಿಯನ್ನು ತಪ್ಪಾಗಿ ಬರೆದಿಡಿ, ಒಂದು ವಾಕ್ಯವನ್ನು ಎರಡರ್ಥ ಬರುವಂತೆ ಬಿಡಿ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಸರಿಪಡಿಸುವುದು ಹಲವರಿಗೆ ಬರುತ್ತದೆ. ಆದರೆ ಇಸವಿಯ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಎರಡರ್ಥದ ವಾಕ್ಯದ ಬಳಿ ‘ಇಲ್ಲಿ ನಿಮ್ಮ ಅಭಿಪ್ರಾಯವೇನು?’ ಎಂದು ಕೇಳುವವರೇ ನಂಬಿಕೆಗೆ ಅರ್ಹರು. ನಿಮ್ಮನ್ನು ಕೇಳದೆ ವಾದವನ್ನೇ ಬದಲಿಸುವವರು ಎಷ್ಟೇ ಸೊಗಸಾಗಿ ಬರೆದರೂ ಬೇಡ. ಪ್ರತಿಯೊಂದು ತಿದ್ದುಪಡಿಯೂ ಕಾಣುವಂತೆ ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ ಇರಿಸಿಯೇ ಕೆಲಸ ಮಾಡಬೇಕೆಂದು ಮೊದಲೇ ಹೇಳಿ.

ಹೆಚ್ಚಿನವರು ಎಡವುವುದು ಹೋಲಿಕೆಯ ಪ್ರಮಾಣದ, ಅಂದರೆ ಪ್ರಬಂಧದ ಎಷ್ಟು ಭಾಗ ಈಗಾಗಲೇ ಇರುವ ಬರಹಗಳನ್ನು ಹೋಲುತ್ತದೆ ಎಂಬುದನ್ನು ತಂತ್ರಾಂಶ ತೋರಿಸುವ ಲೆಕ್ಕದ ವಿಚಾರದಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇ. 10ರಿಂದ 40ರವರೆಗೆ ಇದ್ದರೆ 6 ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಸಲ್ಲಿಸಬೇಕು, 60ರವರೆಗೆ ಹೋದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ‘ಶೂನ್ಯಕ್ಕೆ ಇಳಿಸಿಕೊಡುತ್ತೇವೆ’ ಎನ್ನುವವರು ಮಾಡುವುದು ಸಾಮಾನ್ಯವಾಗಿ ಪದಗಳಿಗೆ ಪರ್ಯಾಯ ಪದಗಳನ್ನು ತುಂಬುವ ಕೆಲಸ, ಅದರಿಂದ ಪಾರಿಭಾಷಿಕ ಪದಗಳು ಹಾಳಾಗುತ್ತವೆ. ಇನ್ನೂ ದೊಡ್ಡ ಅಪಾಯವೆಂದರೆ, ಅವರು ತಮ್ಮ ಖಾತೆಯಿಂದ ನಿಮ್ಮ ಪ್ರಬಂಧವನ್ನು ಪರೀಕ್ಷಿಸಿದಾಗ ಕೆಲವು ತಂತ್ರಾಂಶಗಳು ಅದನ್ನು ಸಂಗ್ರಹದಲ್ಲಿ ಉಳಿಸಿಕೊಳ್ಳುತ್ತವೆ. ಮುಂದೆ ವಿಶ್ವವಿದ್ಯಾಲಯ ಪರೀಕ್ಷಿಸುವಾಗ ನಿಮ್ಮ ಬರಹವೇ ನಿಮ್ಮ ಬರಹದ ನಕಲೆಂದು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪರೀಕ್ಷೆಯನ್ನು ನಿಮ್ಮ ಗ್ರಂಥಾಲಯದ ಮೂಲಕವೇ ಮಾಡಿಸಿ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿರುವ ಕಡತದ ಒಳಗಿರುವುದು ಯಂತ್ರದ ಪಾಲಿಗೆ ರೋಮನ್ ಅಕ್ಷರಗಳೇ, ಕನ್ನಡ ಬರಹಗಳೊಂದಿಗಿನ ಹೋಲಿಕೆ ಅದಕ್ಕೆ ಕಾಣದು. ಆದ್ದರಿಂದ ಅಂತಹ ಕಡತದ ಕಡಿಮೆ ಪ್ರಮಾಣವನ್ನು ಕಂಡು ಸಮಾಧಾನಪಡುವುದೂ ಸಲ್ಲದು.

ದರವನ್ನು ಪುಟಕ್ಕಲ್ಲ, ಪದಕ್ಕೆ ನಿಗದಿಪಡಿಸಿಕೊಳ್ಳಿ. ಅಕ್ಷರದ ಗಾತ್ರ ಬದಲಾದರೆ ಪುಟಗಳೂ ಬೆಳೆಯುತ್ತವೆ. ಅಧ್ಯಾಯ ಕೈಸೇರಿದಂತೆ ಹಣ ಕೊಡುತ್ತ ಹೋಗಿ, ಪೂರ್ತಿ ಮುಂಗಡ ಕೇಳುವವರನ್ನು ಬಿಟ್ಟುಬಿಡಿ. ಸಂದರ್ಶನ ನೀಡಿದವರ ಹೆಸರು ವಿಳಾಸಗಳಿರುವ ಅನುಬಂಧವನ್ನು ತಿದ್ದಲು ಕಳಿಸಬೇಡಿ. ಲೇಖನವನ್ನು ಯುಜಿಸಿ-ಕೇರ್ (ಯುಜಿಸಿ ಮಾನ್ಯ ಮಾಡಿದ್ದ ಸಂಶೋಧನಾ ಪತ್ರಿಕೆಗಳ ಪಟ್ಟಿ) ಪತ್ರಿಕೆಯಲ್ಲಿ ಪ್ರಕಟಿಸಿಕೊಡುವ ಖಾತರಿಯನ್ನು ಈಗಲೂ ಮಾರುವವರಿದ್ದಾರೆ. ಆ ಪಟ್ಟಿಯನ್ನು ಯುಜಿಸಿ 2025ರ ಫೆಬ್ರುವರಿಯಲ್ಲಿಯೇ ಕೈಬಿಟ್ಟಿದೆ.

ಹಣ ಹಿಂದಿರುಗಿಸುವುದಾಗಿ ಹೇಳಿ ಯುಪಿಐ ಪಿನ್ ಒತ್ತಲು ಹೇಳಿದರೆ ಒತ್ತಬೇಡಿ, ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ. ಮೋಸ ಹೋದುದು ಖಚಿತವಾದೊಡನೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಾಟ್ಸ್ಆ್ಯಪ್ ಸಂಭಾಷಣೆಯನ್ನೂ ವಹಿವಾಟಿನ ಸಂಖ್ಯೆಯನ್ನೂ ಅಳಿಸದೆ ಇಟ್ಟುಕೊಳ್ಳಿ. ತಡಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ.